ಸಂಖ್ಯಾಶಾಸ್ತ್ರದ ಡಾಕ್ಟರೇಟು: ಎಣಿಕೆಗೆ ಸಿಕ್ಕುವುದು, ಸಿಕ್ಕದಿರುವುದು

ಹೊರನಾಡ ಕನ್ನಡ ಸಂಘಗಳ ವೇದಿಕೆಯ ಮೇಲೆ 'ಡಾಕ್ಟರ್' ಎಂಬ ಬಿರುದಿಗೆ ಸಲ್ಲುವಷ್ಟು ಮರ್ಯಾದೆ ಒಳನಾಡಿನಲ್ಲಾದರೂ ಸಲ್ಲುತ್ತದೆಯೋ ಇಲ್ಲವೋ ನಾನರಿಯೆ. ಆಮಂತ್ರಣ ಪತ್ರಿಕೆಯಲ್ಲಿ ಹೆಸರಿನ ಮುಂದೆ 'ಡಾ.' ಬಿಟ್ಟುಹೋಯಿತೆಂದು ಮುನಿಸಿಕೊಂಡು ಸಭೆಗೆ ಬಾರದೆ ಉಳಿದವರನ್ನು ಕಂಡಿದ್ದೇನೆ. ಎಲ್ಲಿಯವೆಂದು ಯಾರಿಗೂ ಗೊತ್ತಿಲ್ಲದ ಸಂಸ್ಥೆಗಳಿಂದ ಗೌರವ ಡಾಕ್ಟರೇಟು ತಂದು, ಅದೇ ವಾರ ಶಾಲು, ಹಾರ, ಹಣ್ಣಿನ ಬುಟ್ಟಿಗಳ ಸನ್ಮಾನಕ್ಕೆ ಕೊರಳೊಡ್ಡಿದವರನ್ನೂ ಕಂಡಿದ್ದೇನೆ. ಅವರ ಮಾತು ಇಲ್ಲಿ ಬೇಡ. ನಾನು ಬರೆಯಹೊರಟಿರುವುದು ದುಡಿದು ಪಡೆಯಬೇಕಾದ ಡಾಕ್ಟರೇಟಿನ ಬಗ್ಗೆ. ಅದರಲ್ಲೂ ಮಹಾರಾಷ್ಟ್ರದ ಕಾಲೇಜೊಂದರಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ನಾನು ಕಲಿಸಿದ ಸಂಖ್ಯಾಶಾಸ್ತ್ರದ ಡಾಕ್ಟರೇಟಿನ ಬಗ್ಗೆ.

ಈ ವಿಷಯ ಈ ಪತ್ರಿಕೆಯ ಓದುಗರಿಗೇಕೆ ಎಂದು ಕೇಳುವವರಿದ್ದಾರೆ. ಕಾರಣವಿದೆ. ಪುಣೆಯ ಹಿಂಜವಡಿಯಲ್ಲಿ, ಹೈದರಾಬಾದಿನ ಗಚ್ಚಿಬೌಲಿಯಲ್ಲಿ, ಮುಂಬಯಿಯ ಬ್ಯಾಂಕು-ವಿಮಾ ಕಚೇರಿಗಳಲ್ಲಿ ನಮ್ಮ ಮಕ್ಕಳು ಇಂದು ಅಂಕಿಅಂಶಗಳ ವಿಶ್ಲೇಷಣೆಯನ್ನೇ ಜೀವನೋಪಾಯ ಮಾಡಿಕೊಂಡಿದ್ದಾರೆ. ಒಂದು ತಲೆಮಾರಿನ ಹಿಂದೆ ಎಂಜಿನಿಯರಿಂಗಿಗೆ ಇದ್ದ ಸೆಳೆತ ಈಗ ಇದಕ್ಕಿದೆ. ಆ ಪೈಕಿ ವರ್ಷಕ್ಕೆ ಇಬ್ಬರೋ ಮೂವರೋ ನನ್ನನ್ನು ಹುಡುಕಿಕೊಂಡು ಬಂದು, ಮುಂದೆ ಓದಿ ಪಿಎಚ್.ಡಿ. ಮಾಡಬೇಕೆಂದಿದ್ದೇವೆ, ಏನೇನು ಬೇಕು ಎಂದು ವಿಚಾರಿಸುತ್ತಾರೆ. ಜೊತೆಗೆ ಬರುವ ತಂದೆತಾಯಿಯರ ಪ್ರಶ್ನೆ ಇನ್ನೂ ನೇರ: 'ಎಷ್ಟು ವರ್ಷ ಹಿಡಿಯುತ್ತದೆ ಸರ್? ಆಮೇಲೆ ಏನು ಸಿಗುತ್ತದೆ?' ಇವೆರಡಕ್ಕೂ ನಿಯಮಾವಳಿಯಲ್ಲಿ ಉತ್ತರವಿದೆ. ಆದರೆ ಎಣಿಕೆಗೆ ಸಿಕ್ಕುವ ಅಗತ್ಯಗಳನ್ನೆಲ್ಲ ಬಿಗಿಯಾಗಿ ಹಿಡಿದಿರುವ ನಮ್ಮ ವ್ಯವಸ್ಥೆ ಎಣಿಕೆಗೆ ಸಿಕ್ಕದ ಅಗತ್ಯಗಳ ವಿಷಯದಲ್ಲಿ ಕೈಚೆಲ್ಲಿ ಕುಳಿತಿದೆ ಎಂಬುದು ನನ್ನ ಆಕ್ಷೇಪ. ಎಣಿಕೆಯ ಶಾಸ್ತ್ರದಲ್ಲಿಯೇ ಹೀಗಾಗಿರುವುದು ವಿಪರ್ಯಾಸ.

ಮೊದಲು ನಿಯಮಗಳನ್ನು ನೋಡೋಣ. ಐ.ಐ.ಟಿ.ಗಳಿಗೂ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೂ ತಮ್ಮ ತಮ್ಮ ಕಟ್ಟಳೆಗಳಿವೆ. ಉಳಿದ ಬಹುಪಾಲು ವಿಶ್ವವಿದ್ಯಾನಿಲಯಗಳು ಅನುದಾನ ಆಯೋಗದ ನಿಯಮಾವಳಿಗೆ ಬದ್ಧ. ಆ ನಿಯಮಾವಳಿ 2009ರಲ್ಲಿ ಒಮ್ಮೆ, 2016ರಲ್ಲಿ ಮತ್ತೊಮ್ಮೆ ರೂಪುಗೊಂಡು, 2022ರ ನವೆಂಬರಿನಲ್ಲಿ ಈಗಿನ ರೂಪ ತಳೆಯಿತು. ಅದರಂತೆ ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿಯ ಮೂಲಕ ಇನ್ನೆರಡು ವರ್ಷ. ಮಹಿಳೆಯರಿಗೂ ಶೇಕಡಾ 40ಕ್ಕೂ ಮೀರಿದ ಅಂಗವೈಕಲ್ಯವುಳ್ಳವರಿಗೂ ಅದರ ಮೇಲೆ ಮತ್ತೆರಡು ವರ್ಷದ ಸಡಿಲಿಕೆ. ಹೆರಿಗೆ ಮತ್ತು ಶಿಶುಪಾಲನೆಗೆಂದು 240 ದಿನಗಳವರೆಗೆ ರಜೆ. ಮೊದಲ ಘಟ್ಟದಲ್ಲಿ 12 ಕ್ರೆಡಿಟ್‌ಗಳಷ್ಟು ಪಾಠಕ್ರಮ. ಅದರಲ್ಲಿ ಶೇಕಡಾ 55 ಅಂಕ ಬಾರದಿದ್ದರೆ ಮುಂದಿನ ದಾರಿ ಇಲ್ಲ. ಪ್ರತಿ ಸೆಮಿಸ್ಟರಿನಲ್ಲಿ ಸಲಹಾ ಸಮಿತಿಯ ಮುಂದೆ ಪ್ರಗತಿಯ ವರದಿ. ಕೊನೆಗೆ ಮಹಾಪ್ರಬಂಧ, ಅದನ್ನು ಮಾರ್ಗದರ್ಶಕರಲ್ಲದೆ ಹೊರಗಿನ ಇಬ್ಬರು ಪರೀಕ್ಷಕರಾದರೂ ಓದಬೇಕು, ಬಳಿಕ ಮೌಖಿಕ ಪರೀಕ್ಷೆ. ಸಲ್ಲಿಸಿದಂದಿನಿಂದ ಆರು ತಿಂಗಳೊಳಗೆ ಇದೆಲ್ಲ ಮುಗಿಯಬೇಕೆಂದು ಬರೆದಿದ್ದಾರೆ. ಬರೆದಿದ್ದಾರೆ ಎಂದಷ್ಟೇ ಸದ್ಯಕ್ಕೆ ಹೇಳುತ್ತೇನೆ.

ಈ ನಿಯಮಾವಳಿಯಲ್ಲಿ ನಾನು ಮನಸಾರೆ ಸ್ವಾಗತಿಸುವ ಬದಲಾವಣೆಯೊಂದಿದೆ. 2016ರ ನಿಯಮದಂತೆ ಪ್ರಬಂಧ ಸಲ್ಲಿಸುವ ಮೊದಲು ವಿದ್ಯಾರ್ಥಿಯ ಒಂದು ಲೇಖನವಾದರೂ ಪರಿಣತರ ಪರಿಶೀಲನೆಯುಳ್ಳ ಪತ್ರಿಕೆಯಲ್ಲಿ ಅಚ್ಚಾಗಿರಬೇಕಿತ್ತು, ಎರಡು ಸಮ್ಮೇಳನಗಳಲ್ಲಿ ಪ್ರಬಂಧ ಮಂಡನೆಯಾಗಿರಬೇಕಿತ್ತು. ಉದ್ದೇಶ ಒಳ್ಳೆಯದೇ. ಆದರೆ ನಡೆದದ್ದೇನು? ಹಣ ಕೊಟ್ಟರೆ ಹದಿನೈದು ದಿನದಲ್ಲಿ ಏನನ್ನಾದರೂ ಅಚ್ಚು ಹಾಕುವ 'ಅಂತರರಾಷ್ಟ್ರೀಯ' ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. ನಿಜವಾದ ಸಂಖ್ಯಾಶಾಸ್ತ್ರ ಪತ್ರಿಕೆಗೆ ಕಳಿಸಿದ ಲೇಖನ ಪರಿಶೀಲಕರ ಕೈಯಲ್ಲಿ ಒಂದು ವರ್ಷ, ಒಮ್ಮೊಮ್ಮೆ ಎರಡು ವರ್ಷ ಕೂರುತ್ತದೆ. ಅಲ್ಲಿಗೆ ಕಳಿಸಿ ಕಾದ ಪ್ರಾಮಾಣಿಕ ವಿದ್ಯಾರ್ಥಿಗೆ ದಂಡ, ಹಣ ತೆತ್ತು ಅಚ್ಚು ಹಾಕಿಸಿದವನಿಗೆ ಪದವಿ ಎಂಬಂತಾಯಿತು. 2022ರಲ್ಲಿ ಆ ಕಡ್ಡಾಯವನ್ನು ತೆಗೆದುಹಾಕಿದಾಗ ಗುಣಮಟ್ಟ ಕುಸಿಯಿತೆಂದು ಕೂಗಿದವರಿದ್ದಾರೆ. ಕುಸಿಯುವುದು ಹಿಂದೆಯೇ ನಡೆದುಹೋಗಿತ್ತು, ಈಗ ಕುಸಿತವನ್ನು ಮುಚ್ಚುತ್ತಿದ್ದ ಪರದೆ ಸರಿದಿದೆ, ಅಷ್ಟೇ. ಪರದೆ ಸರಿದ ಮೇಲೆ ಎಲ್ಲ ಭಾರವೂ ಆ ಇಬ್ಬರು ಪರೀಕ್ಷಕರ ಮೇಲೆ ಬಿದ್ದಿತು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪಾಠಕ್ರಮದ 12 ಕ್ರೆಡಿಟ್‌ಗಳಲ್ಲಿ ಏನಿರಬೇಕು? ಹಲವು ಕಡೆ ಇದರ ದೊಡ್ಡ ಪಾಲನ್ನು 'ಸಂಶೋಧನಾ ವಿಧಾನ' ಎಂಬ ಹೆಸರಿನ ತರಗತಿ ನುಂಗುತ್ತದೆ. ಇತಿಹಾಸ, ವಾಣಿಜ್ಯ, ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ ಎಲ್ಲರನ್ನೂ ಒಂದೇ ಕೊಠಡಿಯಲ್ಲಿ ಕೂರಿಸಿ, ಪ್ರಶ್ನಾವಳಿ ತಯಾರಿಸುವುದು ಹೇಗೆ, ಸರಾಸರಿ ಎಂದರೇನು ಎಂದು ಕಲಿಸುತ್ತಾರೆ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಂದವನಿಗೆ ಸರಾಸರಿಯ ಪಾಠ! ಅವನಿಗೆ ಬೇಕಾದದ್ದು ಬೇರೆ. ಮೆಷರ್ ಥಿಯರಿಯ ತಳಹದಿಯ ಮೇಲೆ ಕಟ್ಟಿದ ಸಂಭವನೀಯತಾ ಸಿದ್ಧಾಂತ ಬೇಕು. ಅಂದಾಜು ಮತ್ತು ಪರಿಕಲ್ಪನಾ ಪರೀಕ್ಷೆಗಳ ಸಿದ್ಧಾಂತ ಬೇಕು. ರೇಖೀಯ ಮಾದರಿಗಳು, ಬಹುಚರ ವಿಶ್ಲೇಷಣೆ, ಮಾದರಿ ಸಮೀಕ್ಷೆ ಬೇಕು. ಇಂದಿನ ದಿನದಲ್ಲಿ ಗಣಕ ಕ್ರಮವಿಧಿ ಬರೆದು ತನ್ನ ಸೂತ್ರವನ್ನು ತಾನೇ ಸಾವಿರ ಸಲ ಪರೀಕ್ಷಿಸಿ ನೋಡುವ ಕೈಚಳಕ ಬೇಕು. ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಇದಕ್ಕೆಂದೇ ಮೊದಲ ಎರಡು ವರ್ಷ ಮೀಸಲು. ಅದರ ಕೊನೆಗೆ ಸಿದ್ಧಾಂತದಲ್ಲೊಂದು, ಅನ್ವಯದಲ್ಲೊಂದು ಅರ್ಹತಾ ಪರೀಕ್ಷೆ ಇಡುವ ವಿಭಾಗಗಳು ಅನೇಕ. ತೇರ್ಗಡೆಯಾಗದಿದ್ದರೆ ಎಂ.ಎಸ್. ಕೊಟ್ಟು ಬೀಳ್ಕೊಡುತ್ತಾರೆ. ಕಠಿಣವಾದರೂ ಆರನೆಯ ವರ್ಷದಲ್ಲಿ ಕೈಬಿಡುವುದಕ್ಕಿಂತ ಅದು ದಯೆಯ ಕೆಲಸ.

ಇಷ್ಟೆಲ್ಲ ಓದಿದವನಿಗೂ ಡಾಕ್ಟರೇಟು ದಕ್ಕುವುದು ಒಂದು ಪ್ರಶ್ನೆ ಹುಟ್ಟಿದಾಗ. ಇದಕ್ಕೆ ನಮ್ಮ ನಾಡಿನ ಸಂಖ್ಯಾಶಾಸ್ತ್ರದ ಇತಿಹಾಸದಲ್ಲಿಯೇ ಅಪೂರ್ವವಾದೊಂದು ನಿದರ್ಶನವಿದೆ. ಸಿ. ಆರ್. ರಾವ್ ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು, ಅಂದು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ, ಇಂದು ವಿಜಯನಗರ ಜಿಲ್ಲೆಯಲ್ಲಿರುವ ಹೂವಿನಹಡಗಲಿಯಲ್ಲಿ. (ಅವರನ್ನು ನಮ್ಮವರೆಂದು ಎದೆತಟ್ಟಿಕೊಳ್ಳುವ ಆತುರ ಬೇಡ. ಅವರ ಮನೆಮಾತು ತೆಲುಗು, ಓದು ನಡೆದದ್ದು ಆಂಧ್ರದಲ್ಲಿ. ಹೂವಿನಹಡಗಲಿಯ ಮಣ್ಣಿನಲ್ಲಿ ಹುಟ್ಟಿದರೆಂಬುದಷ್ಟೇ ನಮ್ಮ ಪಾಲಿನ ಸುಕೃತ.) 1941ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ತರಗತಿ ಆರಂಭಿಸಿದಾಗ ಅದರ ಮೊದಲ ವಿದ್ಯಾರ್ಥಿಗಳಲ್ಲಿ ಅವರೊಬ್ಬರು, 1943ರಲ್ಲಿ ಎಂ.ಎ. ಮುಗಿಸಿ, ಬಹುಬೇಗ ಅದೇ ತರಗತಿಗೆ ಪಾಠ ಹೇಳತೊಡಗಿದರು.

ಒಂದು ದಿನ ಅವರು ಇಂಗ್ಲೆಂಡಿನ ಆರ್. ಎ. ಫಿಷರ್ ಕಂಡುಕೊಂಡಿದ್ದ ಫಲಿತಾಂಶವೊಂದನ್ನು ವಿವರಿಸುತ್ತಿದ್ದರು. ಒಂದು ಅಜ್ಞಾತ ಪ್ರಮಾಣವನ್ನು ಅಂಕಿಅಂಶಗಳಿಂದ ಅಂದಾಜು ಮಾಡುವಾಗ, ಎಷ್ಟೇ ಜಾಣತನದ ಸೂತ್ರ ಹೂಡಿದರೂ ಅಂದಾಜಿನ ಏರಿಳಿತವನ್ನು ಒಂದು ಮಿತಿಗಿಂತ ಕೆಳಗೆ ಇಳಿಸಲಾಗದು ಎಂಬುದು ಅದರ ಸಾರ. ಆದರೆ ಫಿಷರರ ಮಾತು ಸಿಂಧುವಾಗುವುದು ಮಾದರಿಯ ಗಾತ್ರ ಅಪಾರವಾಗಿ ಬೆಳೆದಾಗ ಮಾತ್ರ. ತರಗತಿಯಲ್ಲಿದ್ದ ದಾಂಡೇಕರ್ ಎಂಬ ವಿದ್ಯಾರ್ಥಿ ಎದ್ದು, ನಮ್ಮ ಕೈಗೆ ನಿಜವಾಗಿ ಸಿಕ್ಕುವಂಥ ಸಣ್ಣ ಮಾದರಿಗೂ ಇದನ್ನು ಸಾಧಿಸಲಾಗದೇ ಎಂದು ಕೇಳಿದರು. ಆ ವಿದ್ಯಾರ್ಥಿಯೇ ಮುಂದೆ ಪುಣೆಯ ಗೋಖಲೆ ಅರ್ಥಶಾಸ್ತ್ರ ಸಂಸ್ಥೆಯ ನಿರ್ದೇಶಕರಾದ, ದೇಶದ ಬಡತನದ ಅಧ್ಯಯನಕ್ಕೆ ಹೆಸರಾದ ವಿ. ಎಂ. ದಾಂಡೇಕರ್. ರಾವ್ ಮನೆಗೆ ಹೋಗಿ ರಾತ್ರಿಯಿಡೀ ಕುಳಿತು ಮರುದಿನ ಉತ್ತರ ತಂದರು. ಅದು 1945ರಲ್ಲಿ ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ ಹತ್ತಾರು ಪುಟಗಳ ಲೇಖನವಾಗಿ ಪ್ರಕಟವಾಯಿತು. ಮರುವರ್ಷ ಸ್ವೀಡನ್ನಿನ ಕ್ರಾಮೆರ್ ತಮ್ಮ ಗ್ರಂಥದಲ್ಲಿ ಸ್ವತಂತ್ರವಾಗಿ ಅದನ್ನೇ ಕೊಟ್ಟರು. ಜಗತ್ತಿನ ಯಾವ ಮೂಲೆಯ ಸಂಖ್ಯಾಶಾಸ್ತ್ರ ವಿದ್ಯಾರ್ಥಿಯಾದರೂ ಕ್ರಾಮೆರ್-ರಾವ್ ಅಸಮತೆಯನ್ನು ಓದದೆ ಪದವಿ ಪಡೆಯಲಾರ.

ಗಮನಿಸಬೇಕಾದ ಸಂಗತಿಯೆಂದರೆ, ಆಗ ರಾವ್ ಅವರಿಗೆ ಡಾಕ್ಟರೇಟು ಇರಲಿಲ್ಲ. ಕೇಂಬ್ರಿಜ್‌ನಿಂದ ಅದು ಬಂದದ್ದು 1948ರಲ್ಲಿ, ಫಿಷರರ ಮಾರ್ಗದರ್ಶನದಲ್ಲಿ. ಅದಕ್ಕೆ ಆಧಾರವಾದದ್ದು ಬೇರೆಯೇ ಕೆಲಸ. ಸೂಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಪಂಜರಗಳನ್ನು ಅಳೆಯುವ ಕೆಲಸಕ್ಕಾಗಿ ಅವರು ಕೇಂಬ್ರಿಜ್‌ನ ಮಾನವಶಾಸ್ತ್ರ ಸಂಗ್ರಹಾಲಯಕ್ಕೆ ಹೋಗಿದ್ದರು. ಹಗಲು ತಲೆಬುರುಡೆಗಳ ಅಳತೆ. ಆ ಅಳತೆಗಳ ನೆರವಿನಿಂದ ಒಂದು ಜನಸಮುದಾಯವನ್ನು ಇನ್ನೊಂದರಿಂದ ಹೇಗೆ ಬೇರ್ಪಡಿಸುವುದೆಂಬ ಸಿದ್ಧಾಂತ ಪ್ರಬಂಧದ ವಸ್ತು. ಒಂದು ಕೈಯಲ್ಲಿ ಮೂಳೆ, ಇನ್ನೊಂದು ಕೈಯಲ್ಲಿ ಪ್ರಮೇಯ. ಇದಕ್ಕಿಂತ ಉತ್ತಮವಾದ ಸಂಖ್ಯಾಶಾಸ್ತ್ರದ ಡಾಕ್ಟರೇಟನ್ನು ನಾನು ಕಲ್ಪಿಸಿಕೊಳ್ಳಲಾರೆ. ರಾವ್ 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದು, ಅದೇ ವರ್ಷ ಆಗಸ್ಟ್ 22ರಂದು 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಪ್ರಶಸ್ತಿ ಅವರ 1945ರ ಲೇಖನವನ್ನೇ ಮುಖ್ಯವಾಗಿ ಸ್ಮರಿಸಿತು, ಎಪ್ಪತ್ತೆಂಟು ವರ್ಷಗಳ ಬಳಿಕ.

ದಾಂಡೇಕರರ ಪ್ರಶ್ನೆಯನ್ನು ಯಾವ ಕ್ರೆಡಿಟ್ಟಿನಲ್ಲಿ ಎಣಿಸುವುದು? ಇಂದು ನಮ್ಮ ಸಲಹಾ ಸಮಿತಿಗಳ ಮುಂದೆ ಕೂತಾಗ ವಿದ್ಯಾರ್ಥಿ ಹೇಳುವುದೇನು? 'ಈ ಆರು ತಿಂಗಳಲ್ಲಿ ನಲವತ್ತು ಲೇಖನ ಓದಿದೆ, ಎರಡು ಅಧ್ಯಾಯ ಬರೆದೆ.' ಸಮಿತಿ ತಲೆದೂಗಿ ಸಹಿ ಹಾಕುತ್ತದೆ. ನಿಮ್ಮ ಪ್ರಶ್ನೆಯೇನು ಎಂದು ಕೇಳಿದರೆ ಒಂದು ವಿತರಣೆಯ ಹೆಸರು ಹೇಳುತ್ತಾರೆ. ಈಚಿನ ವರ್ಷಗಳಲ್ಲಿ ನಮ್ಮಲ್ಲಿ ಬೆಳೆದಿರುವ ಒಂದು ರೂಢಿ ನನ್ನನ್ನು ಕಾಡುತ್ತದೆ: ಪ್ರಸಿದ್ಧವಾದ ಯಾವುದೋ ಸಂಭವನೀಯತಾ ವಿತರಣೆಗೆ ಇನ್ನೊಂದು ಪರಿಮಾಣ ಅಂಟಿಸಿ, ಹೊಸ ಹೆಸರಿಟ್ಟು, ಅದರ ಸರಾಸರಿ, ವಿಚಲನೆಗಳನ್ನು ಲೆಕ್ಕ ಹಾಕಿ, ಪುಸ್ತಕದಲ್ಲಿ ಸಿಕ್ಕ ಹಳೆಯ ಅಂಕಿಗಳಿಗೆ ಅದು ಇತರವುಗಳಿಗಿಂತ ಕೊಂಚ ಚೆನ್ನಾಗಿ ಹೊಂದುತ್ತದೆಂದು ತೋರಿಸಿ ಒಂದು ಅಧ್ಯಾಯ ಮುಗಿಸುವುದು. ಇಂಥ ಐದು ಅಧ್ಯಾಯ ಸೇರಿದರೆ ಒಂದು ಪ್ರಬಂಧ. ಲೆಕ್ಕ ತಪ್ಪಿರುವುದಿಲ್ಲ, ನಕಲೂ ಆಗಿರುವುದಿಲ್ಲ, ಯಾವ ನಿಯಮವೂ ಮುರಿದಿರುವುದಿಲ್ಲ. ಯಾರಿಗೂ ಏನೂ ಹೊಸದಾಗಿ ತಿಳಿದಿರುವುದಿಲ್ಲ, ಅಷ್ಟೇ.

ನಕಲಿನ ಮಾತು ಬಂದದ್ದರಿಂದ ಒಂದು ಅಡ್ಡಮಾತು. 2018ರ ನಿಯಮಾವಳಿಯಂತೆ ಪ್ರಬಂಧವನ್ನು ಗಣಕದ ಮೂಲಕ ಪರೀಕ್ಷಿಸಿ ಹೋಲಿಕೆಯ ಪ್ರಮಾಣವನ್ನು ಕಂಡುಹಿಡಿಯುತ್ತಾರೆ. ಶೇಕಡಾ 10ರವರೆಗೆ ಕ್ಷಮೆ, 60 ದಾಟಿದರೆ ನೋಂದಣಿಯೇ ರದ್ದು. ಅಗತ್ಯವಾದ ನಿಯಮವೇ. ಸಾಮಾನ್ಯ ಸೂತ್ರಗಳನ್ನೂ ಹದಿನಾಲ್ಕು ಪದಗಳವರೆಗಿನ ಸಹಜ ಹೋಲಿಕೆಗಳನ್ನೂ ಬಿಟ್ಟು ಎಣಿಸಬೇಕೆಂದು ಅದರಲ್ಲೇ ಹೇಳಿದೆ. ಆದರೆ ಗುಂಡಿ ಒತ್ತಿ ಅಂಕೆ ನೋಡುವ ಗುಮಾಸ್ತನಿಗೆ ಅಷ್ಟು ವ್ಯವಧಾನವೆಲ್ಲಿ? ಪ್ರಮೇಯವನ್ನು ಶಾಸ್ತ್ರಸಮ್ಮತವಾದ ಮಾತುಗಳಲ್ಲಿ ನಿರೂಪಿಸಿದ ವಿದ್ಯಾರ್ಥಿ ಸಿಕ್ಕಿಬೀಳುತ್ತಾನೆ. ಇನ್ನೊಬ್ಬರ ವಾದಸರಣಿಯನ್ನು ಪೂರಾ ಎತ್ತಿಕೊಂಡು ಅಕ್ಷರಗಳ ಸಂಕೇತ ಬದಲಿಸಿದವನು ಪಾರಾಗುತ್ತಾನೆ. ಹೋಲಿಕೆಯ ಶೇಕಡಾವಾರು ಸಹ ಒಂದು ಅಂದಾಜು, ಅದಕ್ಕೂ ದೋಷವಿದೆ ಎಂಬುದನ್ನು ಸಂಖ್ಯಾಶಾಸ್ತ್ರ ವಿಭಾಗದಲ್ಲಾದರೂ ನೆನಪಿಡಬೇಡವೇ?

ಇನ್ನು ಪರೀಕ್ಷಕರ ವಿಷಯ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಬಂದ ತರುಣ ಎಸ್. ಆರ್. ಎಸ್. ವರದನ್ 1963ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಿಂದ ಡಾಕ್ಟರೇಟು ಪಡೆದರು. ಸಂಸ್ಥೆಗೆ ತಾನೇ ಪದವಿ ಕೊಡುವ ಅಧಿಕಾರ ದೊರೆತದ್ದು 1959ರ ಕಾಯಿದೆಯಿಂದ. ಅಂದರೆ ಪದವಿ ಕೊಡುವ ವಿಷಯದಲ್ಲಿ ಅದಿನ್ನೂ ಎಳೆಯ ಸಂಸ್ಥೆ. ಆದರೂ ಆ ಪ್ರಬಂಧದ ಪರೀಕ್ಷಕರಲ್ಲೊಬ್ಬರು ಯಾರು? ಸಂಭವನೀಯತಾ ಸಿದ್ಧಾಂತಕ್ಕೆ ಗಣಿತದ ಅಡಿಪಾಯ ಹಾಕಿದ ರಷ್ಯಾದ ಕೊಲ್ಮೊಗೊರೊವ್. ಜಗತ್ತಿನಲ್ಲಿ ಆ ವಿಷಯವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಓದಲಿ ಎಂಬ ಹಟ ಆ ಸಂಸ್ಥೆಗಿತ್ತು. ವರದನ್ 2007ರಲ್ಲಿ ಅಬೆಲ್ ಪ್ರಶಸ್ತಿ ಪಡೆದರು. ಎಲ್ಲರಿಗೂ ಕೊಲ್ಮೊಗೊರೊವ್ ಸಿಕ್ಕಲಾರರು, ನಿಜ. ಆದರೆ ಪರೀಕ್ಷಕರ ಪಟ್ಟಿ ತಯಾರಿಸುವಾಗ 'ಬಲ್ಲವರು ಯಾರು' ಎಂದು ಮೊದಲು ಕೇಳುತ್ತೇವೆಯೋ 'ಬೇಗ ಕಳಿಸುವವರು ಯಾರು, ಕಳೆದ ಸಲ ನಮ್ಮನ್ನು ಕರೆದವರು ಯಾರು' ಎಂದು ಮೊದಲು ಕೇಳುತ್ತೇವೆಯೋ ಎಂಬುದನ್ನು ನನ್ನ ಸಹೋದ್ಯೋಗಿಗಳು ತಮ್ಮ ಆತ್ಮಸಾಕ್ಷಿಗೆ ಕೇಳಿಕೊಳ್ಳಲಿ.

ಬೇಗ ಕಳಿಸುವವರೂ ಬೇಗ ಕಳಿಸುವುದಿಲ್ಲ. ಉತ್ತರ ಕರ್ನಾಟಕದಿಂದ ಮದುವೆಯಾಗಿ ಈ ಕಡೆಗೆ ಬಂದು, ಎರಡು ಮಕ್ಕಳ ಪಾಲನೆಯ ನಡುವೆ ಕೆಲಸ ಮಾಡಿದ ನನ್ನ ವಿದ್ಯಾರ್ಥಿನಿಯೊಬ್ಬಳ ಪ್ರಬಂಧ ಒಬ್ಬ ಪರೀಕ್ಷಕರ ಮನೆಯಲ್ಲಿ ಹದಿನಾಲ್ಕು ತಿಂಗಳು ಕೂತಿತ್ತು. ವಿಶ್ವವಿದ್ಯಾನಿಲಯದ ಹೆಸರು ಬೇಡ, ಪರೀಕ್ಷಕರ ಹೆಸರೂ ಬೇಡ. ನೆನಪೋಲೆ ಕಳಿಸಿರೆಂದು ಪರೀಕ್ಷಾ ವಿಭಾಗಕ್ಕೆ ಅಲೆದದ್ದಕ್ಕೆ ಲೆಕ್ಕವಿಲ್ಲ; ಪ್ರತಿ ಸಲವೂ ಕಡತ 'ಮೇಲೆ ಹೋಗಿದೆ' ಎಂಬ ಉತ್ತರ. ಕೊನೆಗೆ ಬಂದ ವರದಿ ಒಂದೂವರೆ ಪುಟ. ಅದರಲ್ಲಿ ಒಂದು ಪುಟ ಅಧ್ಯಾಯಗಳ ಶೀರ್ಷಿಕೆಗಳೇ; ಅವಳ ಪ್ರಮೇಯಗಳ ಬಗ್ಗೆ ಒಂದು ಮಾತಿಲ್ಲ. ಅಷ್ಟರಲ್ಲಿ ಅವಳು ಅರ್ಜಿ ಹಾಕಿದ್ದ ಅಧ್ಯಾಪಕ ಹುದ್ದೆ ಬೇರೆಯವರ ಪಾಲಾಗಿತ್ತು. ಆರು ತಿಂಗಳ ಗಡುವು ವಿದ್ಯಾರ್ಥಿಯ ಮೇಲಿನದಲ್ಲ, ಸಂಸ್ಥೆಯ ಮೇಲಿನದು. ವಿದ್ಯಾರ್ಥಿ ಗಡುವು ಮೀರಿದರೆ ನೋಂದಣಿ ರದ್ದಾಗುತ್ತದೆ. ಸಂಸ್ಥೆ ಮೀರಿದರೆ ಏನಾಗುತ್ತದೆ? ಆ ವಾಕ್ಯ ನಿಯಮಾವಳಿಯಲ್ಲಿ ನನಗೆ ಕಾಣಲಿಲ್ಲ.

ನನ್ನ ಇನ್ನೊಂದು ಒತ್ತಾಯ ಅನೇಕರಿಗೆ ವಿಚಿತ್ರವೆನಿಸೀತು. ಸಂಖ್ಯಾಶಾಸ್ತ್ರದಲ್ಲಿ ಡಾಕ್ಟರೇಟು ಬೇಕೆನ್ನುವವರು, ಅವರ ವಿಷಯ ಎಷ್ಟೇ ಅಮೂರ್ತವಾಗಿರಲಿ, ಒಂದು ಸಲವಾದರೂ ತಮ್ಮ ಕೈಯಿಂದ ಅಂಕಿಅಂಶ ಸಂಗ್ರಹಿಸಿರಬೇಕು. ಭೌತಶಾಸ್ತ್ರ ಓದಿ ಕೇಂಬ್ರಿಜ್‌ನಿಂದ ಮರಳಿದ ಮಹಲನೋಬಿಸರು ಕಲ್ಕತ್ತೆಯಲ್ಲಿ ಈ ಶಾಸ್ತ್ರವನ್ನು ಕಟ್ಟಿದ್ದು ಬಂಗಾಳದ ಸೆಣಬಿನ ಹೊಲಗಳಿಗೆ ಜನರನ್ನು ಕಳಿಸಿ, ಎಕರೆಗಳನ್ನು ಅಳೆಸಿ. ಅಳೆಯುವವನು ಮಾಡುವ ತಪ್ಪೂ ಅಂಕಿಯೊಳಗೆ ಸೇರುತ್ತದೆಂದು, ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು ಬೇರೆಬೇರೆಯಾಗಿ ಕಳಿಸಿ ತಾಳೆ ನೋಡುವ ಉಪಾಯವನ್ನು ಅವರು ಹೂಡಿದ್ದು ಇಂಥ ಅನುಭವದಿಂದಲೇ. ಇಂದಿನ ವಿದ್ಯಾರ್ಥಿಗೆ ಅಂಕಿ ಎಂದರೆ ಗಣಕದೊಳಗೆ ಸಿದ್ಧವಾಗಿ ಬಂದಿಳಿಯುವ ಕೋಷ್ಟಕ. ಅದರ ಒಂದೊಂದು ಮನೆಯ ಹಿಂದೆಯೂ ಬಿಸಿಲಲ್ಲಿ ಬಾಗಿಲು ತಟ್ಟಿದ ಒಬ್ಬ ಹೆಣ್ಣುಮಗಳಿದ್ದಾಳೆ, ಅರ್ಧ ಬಾಗಿಲು ತೆರೆದು ಅರ್ಧ ಉತ್ತರ ಕೊಟ್ಟ ಇನ್ನೊಬ್ಬಳಿದ್ದಾಳೆ ಎಂಬುದು ಅವನಿಗೆ ತಿಳಿಯದು. ಮುಂಬಯಿಯ ದೇವನಾರಿನಲ್ಲಿರುವ ಜನಸಂಖ್ಯಾ ವಿಜ್ಞಾನಗಳ ಸಂಸ್ಥೆ 1992-93ರಿಂದಲೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನಡೆಸಿಕೊಂಡು ಬಂದಿದೆ. ಅಂಥ ಸಮೀಕ್ಷೆಯೊಂದರ ಕ್ಷೇತ್ರಕಾರ್ಯದ ಜೊತೆ ಒಂದು ತಿಂಗಳು ತಿರುಗಾಡುವುದನ್ನು 12 ಕ್ರೆಡಿಟ್‌ಗಳಲ್ಲಿ ಎರಡಾಗಿ ಎಣಿಸಲಿ. ಸರಾಸರಿಯ ಪಾಠಕ್ಕಿಂತ ಲಾಭವಿದೆ.

ನಮ್ಮದೇ ಲೆಕ್ಕವನ್ನು ತೆಗೆದುಕೊಳ್ಳಿ. ಮುಂಬಯಿಯಲ್ಲಿ ಕನ್ನಡಿಗರು ಎಷ್ಟು? ಪ್ರತಿ ಸಂಘದ ಅಧ್ಯಕ್ಷರೂ ಭಾಷಣದಲ್ಲಿ ಒಂದೊಂದು ಸಂಖ್ಯೆ ಹೇಳುತ್ತಾರೆ. ಕೇಂದ್ರ ಸಚಿವರು ಅತಿಥಿಗಳಾಗಿದ್ದರೆ ಸಂಖ್ಯೆ ಕೊಂಚ ಏರುತ್ತದೆ. ಜನಗಣತಿ ಕೇಳುವುದು ಮಾತೃಭಾಷೆಯನ್ನು. ಜೊತೆಗೆ ಬಲ್ಲ ಇನ್ನೆರಡು ಭಾಷೆಗಳನ್ನು ಬರೆದುಕೊಳ್ಳುತ್ತದೆ. ಇಲ್ಲಿನ ಕನ್ನಡ ಸಂಘಗಳನ್ನು ಕಟ್ಟಿ ಬೆಳೆಸಿದವರಲ್ಲಿ ದೊಡ್ಡ ಪಾಲು ತುಳು ಮನೆಮಾತಿನವರು. ಗಣತಿದಾರನೆದುರು ಅವರು ತುಳು ಎಂದು ಪ್ರಾಮಾಣಿಕವಾಗಿ ಬರೆಸುತ್ತಾರೆ, ಬರೆಸಬೇಕಾದದ್ದೂ ಹಾಗೆಯೇ. ಅಂದಮೇಲೆ ಅವರು ಕನ್ನಡಿಗರ ಲೆಕ್ಕದಲ್ಲಿಲ್ಲ. ಇತ್ತ ನೀಲಗಿರಿಯ ಬಡಗ ಮಾತನ್ನು ಜನಗಣತಿ ಕನ್ನಡದ ತೆಕ್ಕೆಯಲ್ಲಿಯೇ ಸೇರಿಸಿ ಎಣಿಸುತ್ತದೆ. ತಮ್ಮದು ಪ್ರತ್ಯೇಕ ಭಾಷೆಯೆಂದು ಹೇಳುವ ಬಡಗರು ಅನೇಕರಿದ್ದಾರೆ. ಮೂರನೆಯ ತಲೆಮಾರಿನ ಹುಡುಗ ಅಜ್ಜಿಯೊಡನೆ ಕನ್ನಡ, ತಾಯಿಯೊಡನೆ ಮರಾಠಿ, ಹೆಂಡತಿಯೊಡನೆ ಹಿಂದಿ ಆಡುತ್ತಾನೆ. ಅವನು ಯಾವ ಮನೆಯಲ್ಲಿ ಬೀಳುತ್ತಾನೆ? 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದೆ ಹೋಗಿ, 2027ರ ಮಾರ್ಚ್ 1ನ್ನು ಅದರ ಆಧಾರ ದಿನವೆಂದು ಸರಕಾರ 2025ರಲ್ಲಿ ಪ್ರಕಟಿಸಿತು. ಕನ್ನಡ ಶಾಲೆ, ಪರೀಕ್ಷಾ ಕೇಂದ್ರ, ಅನುದಾನ ಇವೆಲ್ಲಕ್ಕೂ ನಾವು ಇಂಥ ಸಂಖ್ಯೆಗಳನ್ನೇ ಮುಂದಿಟ್ಟು ವಾದಿಸಬೇಕು. ಒಂದೇ ಪ್ರಶ್ನೆಗೆ ಒಬ್ಬ ಮನುಷ್ಯ ಹಲವು ಸತ್ಯವಾದ ಉತ್ತರ ಕೊಡಬಲ್ಲನಾದರೆ ಎಣಿಸುವುದು ಹೇಗೆ ಎಂಬುದು ಸಂಖ್ಯಾಶಾಸ್ತ್ರದಲ್ಲಿ ಗಟ್ಟಿಯಾದ ಸಮಸ್ಯೆ, ಡಾಕ್ಟರೇಟಿಗೆ ತಕ್ಕ ಸಮಸ್ಯೆ. ಇದನ್ನು ಕೈಗೆತ್ತಿಕೊಳ್ಳಲು ಹೊರನಾಡ ಕನ್ನಡಿಗನಿಗಿಂತ ಯೋಗ್ಯರು ಬೇರೆ ಯಾರು?

ಅಂಕಿ ಕೊಟ್ಟವರಿಗೆ ಫಲಿತಾಂಶ ತಿಳಿಯಬೇಡವೇ? ಪ್ರಬಂಧದ ಒಂದು ಪ್ರತಿ ಶೋಧಗಂಗಾ ಭಂಡಾರಕ್ಕೆ ಸೇರುತ್ತದೆ, ಇಂಗ್ಲಿಷಿನಲ್ಲಿ. ಅದರೊಂದಿಗೆ ಹತ್ತು ಪುಟಗಳ ಸಾರಾಂಶವೊಂದು ಆ ಜನರ ಭಾಷೆಯಲ್ಲಿ ಇರಬೇಕೆಂದು ಕಡ್ಡಾಯ ಮಾಡಲಿ ಎನ್ನುತ್ತೇನೆ. ಪರಿಭಾಷೆ ಇಲ್ಲವೆಂಬುದು ಸೋಮಾರಿಯ ನೆವ. ಕರ್ನಾಟಕದಲ್ಲಿ ಪಿ.ಯು.ಸಿ. ಮಟ್ಟದಿಂದಲೇ ಸಂಖ್ಯಾಶಾಸ್ತ್ರ ಪ್ರತ್ಯೇಕ ವಿಷಯವಾಗಿದೆ. ಸರಾಸರಿ, ವಿಚಲನೆ, ಸಹಸಂಬಂಧ, ಮಾದರಿ ಎಂಬ ಮಾತುಗಳು ಹದಿನಾರರ ಮಕ್ಕಳ ಬಾಯಲ್ಲಿವೆ. ತನ್ನ ಪ್ರಮೇಯವನ್ನು ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ತಿಳಿಸಲು ಹೊರಟವನಿಗೆ ತನಗೆಷ್ಟು ತಿಳಿದಿದೆ ಎಂಬುದು ಬೇಗ ತಿಳಿಯುತ್ತದೆ. ಮೌಖಿಕ ಪರೀಕ್ಷೆಯೂ ಅಷ್ಟು ಚೆನ್ನಾಗಿ ಅದನ್ನು ತೋರಿಸಲಾರದು.

ಕೊನೆಯದಾಗಿ ಹಣ ಮತ್ತು ಮನೆ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಫೆಲೋಶಿಪ್ ಗಳಿಸಿದವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000, ಜೊತೆಗೆ ಮನೆಬಾಡಿಗೆ ಭತ್ಯೆ. ಸಂಖ್ಯಾಶಾಸ್ತ್ರದವರು ಅದಕ್ಕಾಗಿ ಗಣಿತಶಾಸ್ತ್ರದವರೊಂದಿಗೆ ಒಂದೇ ಪ್ರಶ್ನೆಪತ್ರಿಕೆಯಲ್ಲಿ ಸೆಣಸಬೇಕು. ಫೆಲೋಶಿಪ್ ಸಿಕ್ಕದವರ ಪಾಡು ಬೇರೆ; ಅವರಿಗೆ ಟ್ಯೂಷನ್ನೇ ಗತಿ. ಇದೇ ಜ್ಞಾನಕ್ಕೆ ಖಾಸಗಿ ಕಂಪನಿ ಹಲವು ಪಟ್ಟು ಸಂಬಳ ಕೊಡುವಾಗ, ನಾಲ್ಕನೆಯ ವರ್ಷದಲ್ಲಿ ಪ್ರಮೇಯ ಕೈಕೊಟ್ಟು ಕೂತ ಹುಡುಗ ಕೆಲಸಕ್ಕೆ ಸೇರಿಬಿಟ್ಟರೆ ಅವನನ್ನು ದೂಷಿಸಲಾರೆ. 2023ರಲ್ಲಿ ವಿಶ್ವವಿದ್ಯಾನಿಲಯಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಪಿಎಚ್.ಡಿ. ಕಡ್ಡಾಯವಲ್ಲವೆಂದು ಆಯೋಗ ಸ್ಪಷ್ಟಪಡಿಸಿತು. ಕೆಲಸಕ್ಕಾಗಿ ಮಾತ್ರ ಡಾಕ್ಟರೇಟು ಬಯಸುವವರ ನೂಕುನುಗ್ಗಲು ಇದರಿಂದ ತಗ್ಗಿದರೆ ಒಳ್ಳೆಯದೇ. ನೌಕರಿಯಲ್ಲಿದ್ದುಕೊಂಡು, ಮಾಲೀಕರ ಒಪ್ಪಿಗೆ ಪತ್ರದೊಂದಿಗೆ ಅರೆಕಾಲಿಕವಾಗಿ ನೋಂದಾಯಿಸಿಕೊಳ್ಳುವ ದಾರಿಯೂ 2022ರ ನಿಯಮದಲ್ಲಿದೆ. ಬ್ಯಾಂಕು, ವಿಮಾ ಕಚೇರಿಗಳಲ್ಲಿರುವ ನಮ್ಮ ಯುವಕರು ಇದನ್ನು ಯೋಚಿಸಬಹುದು. ಮಾರ್ಗದರ್ಶಕರನ್ನು ಆರಿಸುವಾಗ ಅವರ ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ಮೂರಕ್ಕಿಂತ ಕಡಿಮೆ ಇದ್ದರೆ ಅವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ.

ಹೆಣ್ಣುಮಕ್ಕಳಿಗೆ ಕೊಟ್ಟಿರುವ ಹೆಚ್ಚುವರಿ ಎರಡು ವರ್ಷವನ್ನು ಕಂಡು ಮೂಗು ಮುರಿಯುವ ಹಿರಿಯರು ನಮ್ಮ ಸಂಘಗಳಲ್ಲೇ ಇದ್ದಾರೆ. ಅವರಿಗೊಂದು ಮಾತು: ಆ ಎರಡು ವರ್ಷ ಬೇಕಾಗಿ ಬರುವುದು ನಿಮ್ಮ ಮನೆಗಳಲ್ಲಿ. ಗಂಡನಿಗೆ ವರ್ಗವಾದರೆ ನೋಂದಣಿಯನ್ನು ಬೇರೆ ಊರಿಗೆ ಒಯ್ಯುವವಳು ಅವಳು. ಅತ್ತೆಗೆ ಕಾಯಿಲೆಯಾದರೆ ಸಲಹಾ ಸಮಿತಿಯ ಸಭೆ ತಪ್ಪಿಸಿಕೊಳ್ಳುವವಳು ಅವಳು. ನಿಯಮಾವಳಿ ವರ್ಷ ಕೊಡಬಲ್ಲದು, ದಿನಕ್ಕೆ ನಾಲ್ಕು ಗಂಟೆ ಬಾಗಿಲು ಮುಚ್ಚಿದ ಕೋಣೆಯನ್ನು ಮನೆಯವರೇ ಕೊಡಬೇಕು.

ಪ್ರತಿ ವರ್ಷ ಎಸ್.ಎಸ್.ಸಿ.ಯಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ನಮ್ಮ ಸಂಘಗಳು ಕೊಡುವ ಬಹುಮಾನದ ನಿಧಿಯಲ್ಲಿ ಒಂದು ಪಾಲನ್ನು ಒಬ್ಬ ಸಂಶೋಧನ ವಿದ್ಯಾರ್ಥಿಯ ಕ್ಷೇತ್ರಕಾರ್ಯದ ಪ್ರಯಾಣವೆಚ್ಚಕ್ಕೆ ತೆಗೆದಿಡಬಹುದು. ಇನ್ನು ಕನ್ನಡ ಸಾರಾಂಶಕ್ಕೆ ವಿಶ್ವವಿದ್ಯಾನಿಲಯದ ಆಜ್ಞೆಗಾಗಿ ಕಾಯಬೇಕಾಗಿಲ್ಲ. ಈ ತ್ರೈಮಾಸಿಕದ ಸಂಪಾದಕರು ಸಂಚಿಕೆಗೆ ನಾಲ್ಕು ಪುಟ ಬಿಟ್ಟುಕೊಡುವುದಾದರೆ, ಹದಿನಾಲ್ಕು ತಿಂಗಳು ಕಾದು ಪದವಿ ಪಡೆದ ನನ್ನ ಆ ವಿದ್ಯಾರ್ಥಿನಿ ತನ್ನ ಪ್ರಬಂಧದ ಮೂರನೆಯ ಅಧ್ಯಾಯವನ್ನು ಕನ್ನಡದಲ್ಲಿ ಬರೆದುಕೊಡಲು ಒಪ್ಪಿದ್ದಾಳೆ. ಸಮೀಕ್ಷೆಯ ಪ್ರಶ್ನೆಗೆ ಉತ್ತರ ಕೊಡಲೊಲ್ಲದವರನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ ಎಂಬುದು ಅದರ ವಿಷಯ.